ಕೆರೆಯ ಕಳೆಯಿಂದ ಮಾಡಿದ ‘ಬಯೋಚಾರ್’ಗೆ ‘ಜೈವಿಕ ಇದ್ದಿಲು’ ಎನ್ನುವುದು ಸರಿಯೇ?

ಮಾನ್ಯರೇ,

ಕೆರೆಯಲ್ಲಿ ಹಬ್ಬಿದ ತೇಲುಕಳೆಯನ್ನು ತೆಗೆದು ಒಣಗಿಸಿ, ಹೆಚ್ಚು ಗಾಳಿಯಾಡದಂತೆ ಸುಟ್ಟು ಹೊಲಕ್ಕೆ ಹಾಕುವ ‘ಬಯೋಚಾರ್’ ಕುರಿತು ರೈತರಿಗಾಗಿ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಅದರಲ್ಲಿ ಬಳಸಬೇಕಾದ ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಗಿಡದ ಹೆಸರಿನಲ್ಲಿಯೇ ಗೊಂದಲವಿದೆ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳನ್ನು ಮುಚ್ಚಿದ್ದ ನೇರಳೆ ಹೂವಿನ ಗಿಡವನ್ನು (ಇಂಗ್ಲಿಷಿನಲ್ಲಿ ವಾಟರ್ ಹಯಸಿಂತ್) ಜನ ಅಂತರಗಂಗೆ ಎನ್ನುತ್ತಾರೆ, ಕೆಲವರು ಜೊಂಡು ಎಂದೂ ಬರೆಯುತ್ತಾರೆ. ಜೊಂಡು ದಡದ ಕೆಸರಿನಲ್ಲಿ ಬೇರೂರಿ ಆಳೆತ್ತರ ಬೆಳೆಯುವ ಬೇರೆಯೇ ಸಸ್ಯ. ಅಂತರಗಂಗೆ ಎಂಬ ಹೆಸರು ಪಿಸ್ಟಿಯಾ ಎಂಬ ಗಿಡಕ್ಕೂ ಸಲ್ಲುತ್ತದೆ; ಅದಕ್ಕೆ ದಂಟಿಲ್ಲ, ನವಿರು ರೋಮವಿರುವ ಎಲೆಗಳು ಎಲೆಕೋಸಿನಂತೆ ಸುತ್ತ ಜೋಡಿಸಿಕೊಂಡಿರುತ್ತವೆ. ನಾನು ಹೇಳುತ್ತಿರುವ ವಾಟರ್ ಹಯಸಿಂತ್‌ನ ದಂಟಾದರೋ ಬುಡದಲ್ಲಿ ಉಬ್ಬಿಕೊಂಡಿದ್ದು, ಒಳಗೆಲ್ಲ ಗಾಳಿ ತುಂಬಿದ ಬೆಂಡು; ಹೂವಿನ ಮೇಲಿನ ಎಸಳಿನಲ್ಲಿ ಒಂದು ಹಳದಿ ಚುಕ್ಕೆ ಇರುತ್ತದೆ. ದಕ್ಷಿಣ ಅಮೆರಿಕದ ಈ ಗಿಡ ಅಲಂಕಾರಕ್ಕೆಂದು 19ನೇ ಶತಮಾನದ ಕೊನೆಯ ಹೊತ್ತಿಗೆ ಬಂಗಾಳಕ್ಕೆ ಬಂದದ್ದು. ಆದ್ದರಿಂದ ಹಳೆಯ ಕನ್ನಡ ಹೆಸರನ್ನು ಹುಡುಕಿ ಫಲವಿಲ್ಲ. ನಿಮ್ಮ ಸೀಮೆಯಲ್ಲಿ ಈ ಎರಡು ಗಿಡಗಳನ್ನು ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರೆಯೇ?

ಮುಖ್ಯ ಪ್ರಶ್ನೆ ‘ಜೈವಿಕ ಇದ್ದಿಲು’ ಎಂಬ ಪದದ್ದು. ಒಲೆಯ ಇದ್ದಿಲೂ ಮರಗಿಡಗಳಿಂದಲೇ ಆಗುವುದರಿಂದ, ‘ಜೈವಿಕ’ ಎಂಬ ವಿಶೇಷಣ ಬಯೋಚಾರನ್ನು ಅದರಿಂದ ಬೇರ್ಪಡಿಸುವುದಿಲ್ಲ. ಉರಿಸುವುದಕ್ಕಲ್ಲದೆ ಮಣ್ಣಿಗೆ ಸೇರಿಸುವುದಕ್ಕಾಗಿ ಮಾಡಿದ್ದು ಎಂಬುದೇ ಇದರ ವಿಶೇಷ. ಇನ್ನೊಂದು ತೊಡಕೆಂದರೆ, ‘ಜೈವಿಕ ಗೊಬ್ಬರ’ ಎಂದಾಗ ರೈಜೋಬಿಯಂನಂಥ ಜೀವಂತ ಸೂಕ್ಷ್ಮಾಣುಗಳು ಎಂದು ರೈತರು ಆಗಲೇ ತಿಳಿದಿದ್ದಾರೆ. 400–500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದ ಇದ್ದಿಲಿನಲ್ಲಿ ಜೀವಾಣು ಉಳಿದಿರುವುದಿಲ್ಲ. ಎಲ್ಲಕ್ಕಿಂತ ನನ್ನನ್ನು ಕಾಡುವುದು, ಆ ಪದ ಕೊಡುವ ನಿರಪಾಯದ ಭರವಸೆ. ಕಾರ್ಖಾನೆಯ ಕೊಳಚೆ ಸೇರುವ ಕೆರೆಯಲ್ಲಿ ಈ ಗಿಡ ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ ಲೋಹಗಳನ್ನು ಬೇರಿನಲ್ಲಿ ಹೀರಿಟ್ಟುಕೊಳ್ಳುತ್ತದೆ. ಸುಟ್ಟಾಗ ಗಿಡದ ತೂಕ ಇಳಿಯುತ್ತದೆಯೇ ಹೊರತು ಲೋಹದ ಬಹುಭಾಗ ಇದ್ದಿಲಿನಲ್ಲಿಯೇ ಉಳಿದು ಸಾಂದ್ರವಾಗುತ್ತದೆ. ಅಂಥ ಇದ್ದಿಲನ್ನು ಪರೀಕ್ಷಿಸದೆ ಸೊಪ್ಪು ತರಕಾರಿಯ ಮಡಿಗೆ ಹಾಕಬಾರದು ಎಂದು ಬರೆಯುವ ಪುಟದಲ್ಲಿಯೇ ಅದನ್ನು ‘ಜೈವಿಕ’ ಎಂದು ಕರೆಯಲು ನನಗೆ ಮನಸ್ಸು ಒಪ್ಪುತ್ತಿಲ್ಲ.

‘ಮಣ್ಣಿದ್ದಿಲು’ ಎಂದು ಒಬ್ಬ ಮಿತ್ರರು ಸೂಚಿಸಿದರು. ಬಳಕೆಯ ಉದ್ದೇಶ ಅದರಲ್ಲಿ ಚೆನ್ನಾಗಿ ಬಂದಿದೆ. ಆದರೆ ‘ಕಲ್ಲಿದ್ದಲು’ ಕೇಳಿದ ಕಿವಿಗೆ ಇದೂ ನೆಲದಿಂದ ಅಗೆದದ್ದು ಎನ್ನಿಸೀತು. ಕರಾವಳಿಯ ‘ಸುಡುಮಣ್ಣು’ ಹತ್ತಿರದ ಪದವಾದರೂ, ಅಲ್ಲಿ ತರಗೆಲೆ, ಕಡ್ಡಿಗಳ ಮೇಲೆ ಮಣ್ಣು ಮುಚ್ಚಿ ಸುಡುವುದರಿಂದ ಸಿಗುವುದು ಮುಖ್ಯವಾಗಿ ಮಣ್ಣೇ. ‘ಕರಟದ ಇದ್ದಿಲು’ ಎಂಬಂತೆ ಮೂಲವಸ್ತುವಿನಿಂದ ಹೆಸರಿಸುವ ರೂಢಿಯನ್ನು ಹಿಡಿದು ‘ಕಳೆಯ ಇದ್ದಿಲು’ ಎಂದರೆ ಸಾಕೆಂದು ನನಗೆ ತೋರುತ್ತದೆ.

‘ಸುಡು’ ಎಂಬ ಕ್ರಿಯಾಪದವನ್ನೂ ಪರಿಶೀಲಿಸಬೇಕು. ಬಳ್ಳಾರಿ ಜಾಲಿಯಿಂದ ಇದ್ದಿಲು ಮಾಡುವುದಕ್ಕೆ ಬಯಲುಸೀಮೆಯಲ್ಲಿ ‘ಇದ್ದಿಲು ಸುಡುವುದು’ ಎಂದೇ ಹೇಳುವುದರಿಂದ ಆ ಮಾತಿನಲ್ಲಿ ದೋಷವಿಲ್ಲ. ಆದರೆ ‘ಕಳೆಯನ್ನು ಸುಡಿ’ ಎಂದು ಬರೆದರೆ ಓದುಗರು ಬಯಲಲ್ಲಿ ರಾಶಿ ಹಾಕಿ ಬೆಂಕಿ ಇಟ್ಟಾರು, ಕೊನೆಗೆ ಉಳಿಯುವುದು ಬೂದಿ. ಹಸಿ ಗಿಡದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಭಾಗ ನೀರೇ ಇರುವುದರಿಂದ, 100 ಕೆ.ಜಿ. ಕಳೆಯಿಂದ 2–3 ಕೆ.ಜಿ. ಇದ್ದಿಲು ಬಂದರೆ ಹೆಚ್ಚು. ಅಷ್ಟು ಶ್ರಮದ ಬಳಿಕ ಅದೂ ಬೂದಿಯಾಗಬಾರದು. ಇದ್ದಿಲು ಸುಡುವ ಕುಟುಂಬಗಳವರು ಗಾಳಿಯಾಡದಂತೆ ಮುಚ್ಚಿ ಸುಡುವುದಕ್ಕೆ ಬೇರೆ ಮಾತು ಬಳಸುತ್ತಾರೆಯೇ?

ಕೊನೆಯದಾಗಿ, ಹೊಸ ಇದ್ದಿಲು ಮಣ್ಣಿನ ಸಾರಜನಕವನ್ನು ಮೊದಲಿಗೆ ಹಿಡಿದಿಟ್ಟುಕೊಳ್ಳಬಹುದಾದ್ದರಿಂದ, ಅದನ್ನು ಗಂಜಲದಲ್ಲೋ ತಿಪ್ಪೆಯಲ್ಲೋ ಕೆಲವು ವಾರ ಇಡುವ ಕ್ರಮವಿದೆ. ಇದನ್ನು ‘ಸಕ್ರಿಯಗೊಳಿಸುವುದು’ ಎಂದರೆ ನೀರು ಶುದ್ಧೀಕರಣದ ‘ಸಕ್ರಿಯ ಇಂಗಾಲ’ದೊಂದಿಗೆ ಬೆರೆತುಹೋಗುತ್ತದೆ. ‘ಕಳಿತ ಗೊಬ್ಬರ’ದ ಹಾಗೆ ‘ಕಳಿತ ಇದ್ದಿಲು’ ಎನ್ನಬಹುದೇ, ಅಥವಾ ಇದ್ದಿಲು ಸ್ವತಃ ಕೊಳೆಯದ ಕಾರಣ ‘ಗಂಜಲ ಕುಡಿಸಿದ ಇದ್ದಿಲು’ ಎನ್ನುವುದು ಹೆಚ್ಚು ಸರಿಯೇ? ತಮ್ಮ ಊರಿನ ಬಳಕೆಯನ್ನು ಊರಿನ ಹೆಸರಿನೊಂದಿಗೆ ತಿಳಿಸಬೇಕಾಗಿ ಕೋರುತ್ತೇನೆ.