ರೆಪೊ ಇಳಿದರೂ ನನ್ನ ಮನೆ ಸಾಲದ ಬಡ್ಡಿ ಯಾಕೆ ಇಳಿದಿಲ್ಲ?

ಹಾಸನದ ಹುಡುಗ: 2025ರಲ್ಲಿ ರಿಸರ್ವ್ ಬ್ಯಾಂಕ್ ನಾಲ್ಕು ಸಲ ರೆಪೊ ದರ, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿ ಇಳಿಸಿತು. ವರ್ಷದ ಆರಂಭದಲ್ಲಿ ಶೇ 6.5 ಇದ್ದದ್ದು ಡಿಸೆಂಬರ್‌ಗೆ ಶೇ 5.25 ಆಯಿತು. ನನ್ನ ಮನೆ ಸಾಲದ ಕಂತು ಒಂದು ರೂಪಾಯಿ ಇಳಿದಿಲ್ಲ, ಬಡ್ಡಿ ಈಗಲೂ ಶೇ 9ರ ಹತ್ತಿರ. ಆದರೆ ಅಪ್ಪನ ಎಫ್‌ಡಿ ರಿನ್ಯೂ ಮಾಡಿಸಲು ಹೋದರೆ ಬಡ್ಡಿ ಆಗಲೇ ಇಳಿಸಿಬಿಟ್ಟಿದ್ದಾರೆ. ಇದು ಅನ್ಯಾಯ ಅಲ್ವಾ?

ಹಳೇ ಕ್ಯಾಷಿಯರ್: ಸಾಲ ತೆಗೆದದ್ದು ಯಾವಾಗ? ಎಲ್ಲ ಅದರ ಮೇಲೆ ನಿಂತಿದೆ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ (ಬಡ್ಡಿ ಬದಲಾಗುವ) ಮನೆ ಸಾಲವನ್ನು ರೆಪೊದಂಥ ಹೊರಗಿನ ದರಕ್ಕೆ ಕಟ್ಟಬೇಕು, ಮೂರು ತಿಂಗಳಿಗೊಮ್ಮೆಯಾದರೂ ದರ ಬದಲಿಸಬೇಕು ಅನ್ನುವುದು ನಿಯಮ. 2016ರ ಏಪ್ರಿಲ್‌ನಿಂದ ಅಲ್ಲಿಯವರೆಗಿನ ಸಾಲ ಸಾಮಾನ್ಯವಾಗಿ ಎಂಸಿಎಲ್‌ಆರ್‌ನಲ್ಲಿರುತ್ತದೆ. ಅದು ಬ್ಯಾಂಕು ತನ್ನ ಖರ್ಚು ನೋಡಿಕೊಂಡು ತಾನೇ ಲೆಕ್ಕ ಹಾಕುವ ದರ.

ಹಾಸನದ ಹುಡುಗ: 2018.

ಹಳೇ ಕ್ಯಾಷಿಯರ್: ಹಾಗಾದರೆ ಅದೇ. ಸ್ಯಾಂಕ್ಷನ್ ಲೆಟರ್ ತೆಗೆದು ರೀಸೆಟ್ ದಿನ, ಅಂದರೆ ಬಡ್ಡಿ ಬದಲಿಸುವ ದಿನ ನೋಡಿ. ಸಾಮಾನ್ಯವಾಗಿ ವರ್ಷಕ್ಕೊಂದೇ ಸಲ.

ಕರಾವಳಿ: ನಿಯಮ ಏನೇ ಇರಲಿ ಸರ್. ಬ್ಯಾಂಕಿಗೆ ರಿಸರ್ವ್ ಬ್ಯಾಂಕಿನಿಂದ ಶೇ 5.25ಕ್ಕೆ ದುಡ್ಡು ಸಿಗುತ್ತದೆ. ಅದನ್ನೇ ನಮಗೆ ಶೇ 9ಕ್ಕೆ ಕೊಡುತ್ತಾರೆ. ಇಷ್ಟೇ ವ್ಯಾಪಾರ.

ಲೆಕ್ಕಿಗ: ಇಲ್ಲ, ಅದು ಹಾಗಲ್ಲ. ರೆಪೊ ಅಂದರೆ ಸರ್ಕಾರಿ ಬಾಂಡ್ ಒತ್ತೆ ಇಟ್ಟು ರಿಸರ್ವ್ ಬ್ಯಾಂಕಿನಿಂದ ಅಲ್ಪಾವಧಿಗೆ ತೆಗೆಯುವ ಕೈಸಾಲ. 20 ವರ್ಷದ ಮನೆ ಸಾಲ ಅದರ ಮೇಲೆ ನಿಲ್ಲುವುದಿಲ್ಲ. ಬ್ಯಾಂಕಿನ ಹಣದಲ್ಲಿ ಬಹುಪಾಲು ಜನರ ಠೇವಣಿ. ಹೋದ ವರ್ಷ ಶೇ 7ಕ್ಕೆ ಮೂರು ವರ್ಷದ ಎಫ್‌ಡಿ ಮಾಡಿದವರಿಗೆ ಅವಧಿ ಮುಗಿಯೋವರೆಗೂ ಶೇ 7 ಕೊಡಲೇಬೇಕು. ಎಂಸಿಎಲ್‌ಆರ್ ನಿಧಾನವಾಗಿ ಇಳಿಯೋದು ಅದಕ್ಕೇ.

ಕರಾವಳಿ: ಅಂದರೆ ನಮ್ಮ ಠೇವಣಿಯನ್ನೇ ಎತ್ತಿ ಇನ್ನೊಬ್ಬರಿಗೆ ಸಾಲ ಕೊಡುತ್ತಾರೆ. ಸರಿ ತಾನೇ?

ಲೆಕ್ಕಿಗ: ಅದೂ ಪೂರ್ತಿ ಸರಿಯಲ್ಲ. 40 ಲಕ್ಷ ಸಾಲ ಮಂಜೂರಾದಾಗ ಯಾರ ಎಫ್‌ಡಿಯಿಂದಲೂ 40 ಲಕ್ಷ ಕಳೆಯುವುದಿಲ್ಲ. ಪುಸ್ತಕದ ಒಂದು ಕಡೆ 40 ಲಕ್ಷ ಸಾಲ, ಇನ್ನೊಂದು ಕಡೆ ಖಾತೆಯಲ್ಲಿ 40 ಲಕ್ಷ ಜಮೆ. ಆ ಠೇವಣಿ ಆಗ ಹುಟ್ಟಿದ್ದು. ಬ್ಯಾಂಕ್ ಆಫ್ ಇಂಗ್ಲೆಂಡ್ 2014ರಲ್ಲಿ ಇದನ್ನೇ ಬಿಡಿಸಿ ಬರೆದಿತ್ತು.

ಕರಾವಳಿ: ಬರೆದರೆ ದುಡ್ಡು ಹುಟ್ಟುವುದಾದರೆ ಎಫ್‌ಡಿ ಯಾಕೆ ಬೇಕು ಅವರಿಗೆ? ಊರೂರಿಗೆ ಬಂದು ಕೇಳುತ್ತಾರಲ್ಲ?

ಹಳೇ ಕ್ಯಾಷಿಯರ್: ಒಳ್ಳೆ ಪ್ರಶ್ನೆ. ಹುಟ್ಟಿದ ದುಡ್ಡು ಅಲ್ಲೇ ಉಳಿಯುವುದಿಲ್ಲ, ಅದಕ್ಕೆ. ಆ 40 ಲಕ್ಷದ ಚೆಕ್ ಬಿಲ್ಡರ್ ಕೈಗೆ ಹೋಗುತ್ತದೆ. ಅವರ ಖಾತೆ ಬೇರೆ ಬ್ಯಾಂಕಿನಲ್ಲಿ. ರಿಸರ್ವ್ ಬ್ಯಾಂಕಿನಲ್ಲಿ ಎರಡೂ ಬ್ಯಾಂಕಿಗೆ ಖಾತೆ ಇದೆ, ಇದರಿಂದ ಕಳೆದು ಅದಕ್ಕೆ ಸೇರಿಸುತ್ತಾರೆ. ಅಲ್ಲಿ ನಿಜವಾದ ಹಣ ಇರಲೇಬೇಕು. ಜೊತೆಗೆ ಠೇವಣಿಯಲ್ಲಿ ಶೇ 3 ಸಿಆರ್‌ಆರ್ ಅಂತ ಬಡ್ಡಿಯಿಲ್ಲದೆ ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕು, ಶೇ 18 ಮುಖ್ಯವಾಗಿ ಸರ್ಕಾರಿ ಬಾಂಡಿನಲ್ಲಿ. ಸಾಲ ಜಾಸ್ತಿಯಾದಷ್ಟೂ ಬ್ಯಾಂಕಿನ ಸ್ವಂತ ಬಂಡವಾಳವೂ ಜಾಸ್ತಿ ಬೇಕು. ಬೇಕಾದಷ್ಟು ಬರೆದುಕೊಂಡು ಕೂರಲು ಆಗಲ್ಲ.

ಸಿಆರ್‌ಆರ್ 2025ರ ಸೆಪ್ಟೆಂಬರ್‌ವರೆಗೆ ಶೇ 4 ಇತ್ತು. ನಾಲ್ಕು ಕಂತಿನಲ್ಲಿ ಶೇ 3ಕ್ಕೆ ಇಳಿಸಿದರು. ಅದರಿಂದ ಬ್ಯಾಂಕುಗಳ ಕೈಗೆ ಸುಮಾರು 2.5 ಲಕ್ಷ ಕೋಟಿ ಬರುತ್ತದೆ ಎಂದು ರಿಸರ್ವ್ ಬ್ಯಾಂಕೇ ಹೇಳಿತ್ತು.

ನಿವೃತ್ತ ಮೇಷ್ಟ್ರು: ಎಲ್ಲರೂ ಸಾಲಗಾರರ ಮಾತೇ ಆಡುತ್ತಿದ್ದೀರಿ. ನಾನು ಬದುಕುವುದು ಎಫ್‌ಡಿ ಬಡ್ಡಿಯಲ್ಲಿ. ರೆಪೊ ಇಳಿದಾಗಲೆಲ್ಲ ನನ್ನ ತಿಂಗಳ ಖರ್ಚಿಗೆ ಕತ್ತರಿ.

ಲೆಕ್ಕಿಗ: ಬೆಲೆ ಏರಿಕೆ ತಗ್ಗಿದ್ದಕ್ಕೇ ದರ ಇಳಿಸಿದ್ದು ಮೇಷ್ಟ್ರೇ. ಬೆಲೆ ಏರಿಕೆ ಶೇ 4 ಇರಲಿ ಅನ್ನುವುದು ಗುರಿ, 2025ರ ಅಕ್ಟೋಬರ್‌ನಲ್ಲಿ ಶೇ 0.25ಕ್ಕೆ ಬಂದಿತ್ತು. ನೀವು ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆ ನೋಡಿದ್ದೀರಾ? 2023ರ ಏಪ್ರಿಲ್‌ನಲ್ಲಿ ಶೇ 8.2 ಮಾಡಿದರು, 2025ರುದ್ದಕ್ಕೂ ಅದನ್ನು ಮುಟ್ಟಲಿಲ್ಲ. 30 ಲಕ್ಷದವರೆಗೆ ಇಡಬಹುದು.

ನಿವೃತ್ತ ಮೇಷ್ಟ್ರು: ತರಕಾರಿ ಅಗ್ಗವಾಗಿರಬಹುದು. ನನ್ನ ಬಿಪಿ ಮಾತ್ರೆ ಅಗ್ಗವಾಗಿಲ್ಲ, ಆರೋಗ್ಯ ವಿಮೆಯ ಪ್ರೀಮಿಯಂ ಪ್ರತಿ ವರ್ಷ ಏರುತ್ತಿದೆ. ಯೋಜನೆ ವಿಷಯ ತಿಳಿಸಿದ್ದಕ್ಕೆ ಥ್ಯಾಂಕ್ಸ್, ವಿಚಾರಿಸುತ್ತೇನೆ.

ಹಳೇ ಕ್ಯಾಷಿಯರ್: ಹಾಸನದವರೇ, ರೆಪೊ ದರಕ್ಕೆ ಬದಲಿಸಿಕೊಡಿ ಅಂತ ಶಾಖೆಗೆ ಬರೆದುಕೊಡಿ. ಆಡಳಿತ ವೆಚ್ಚ ಅಂತ ಒಂದಿಷ್ಟು ಕೇಳಬಹುದು. ಕೊಡದಿದ್ದರೆ ಸಾಲವನ್ನೇ ಬೇರೆ ಬ್ಯಾಂಕಿಗೆ ಒಯ್ಯಿರಿ. ವ್ಯಕ್ತಿಗಳ ಫ್ಲೋಟಿಂಗ್ ಮನೆ ಸಾಲ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ.

ಲೆಕ್ಕಿಗ: ಒಂದು ಲೆಕ್ಕ ಕೊಡುತ್ತೇನೆ. 40 ಲಕ್ಷ, 20 ವರ್ಷ. ಶೇ 9ಕ್ಕೆ ಕಂತು ಸುಮಾರು 36,000. ಶೇ 7.75ಕ್ಕೆ ಸುಮಾರು 32,800. ಇನ್ನೊಂದು ಮಾತು. ದರ ಇಳಿದಾಗ ಬ್ಯಾಂಕುಗಳು ಎಷ್ಟೋ ಸಲ ಕಂತು ಹಾಗೇ ಬಿಟ್ಟು ಅವಧಿ ಕಡಿಮೆ ಮಾಡುತ್ತವೆ. ಸುಮ್ನೆ ಕಂತು ನೋಡಬೇಡಿ, ಸ್ಟೇಟ್‌ಮೆಂಟಿನಲ್ಲಿ ಎಷ್ಟು ತಿಂಗಳು ಉಳಿದಿದೆ ನೋಡಿ.

ಹಾಸನದ ಹುಡುಗ: ಈಗ ನೋಡಿದೆ. ಎಂಸಿಎಲ್‌ಆರ್, ರೀಸೆಟ್ ಮಾರ್ಚ್‌ನಲ್ಲಿ. ತಿಂಗಳೂ ಕಡಿಮೆಯಾಗಿಲ್ಲ. ಸೋಮವಾರ ಅರ್ಜಿ ಕೊಡುತ್ತೇನೆ.

ನಿವೃತ್ತ ಮೇಷ್ಟ್ರು: ಕ್ಯಾಷಿಯರ್ ಸಾಹೇಬರೇ, ಒಂದಕ್ಕೆ ಉತ್ತರ ಕೊಡಿ. 2022ರ ಮೇನಿಂದ 2023ರ ಫೆಬ್ರುವರಿಯೊಳಗೆ ರೆಪೊ ಶೇ 4ರಿಂದ 6.5ಕ್ಕೆ ಏರಿತು. ರೆಪೊಗೆ ಕಟ್ಟಿದ ಸಾಲದ ಬಡ್ಡಿ ಅಷ್ಟೂ ಏರಿತು. ದೊಡ್ಡ ಬ್ಯಾಂಕುಗಳ ಉಳಿತಾಯ ಖಾತೆ ಬಡ್ಡಿ ಏರಿತೇ?

ಹಳೇ ಕ್ಯಾಷಿಯರ್: ಏರಲಿಲ್ಲ. 2011ರಿಂದ ಉಳಿತಾಯ ಬಡ್ಡಿ ಬ್ಯಾಂಕುಗಳ ಇಷ್ಟಕ್ಕೆ ಬಿಟ್ಟದ್ದು. 2019ರ ಮೇನಲ್ಲಿ ಎಸ್‌ಬಿಐ ಒಂದು ಲಕ್ಷ ಮೀರಿದ ಉಳಿತಾಯ ಹಣಕ್ಕೆ ರೆಪೊ ಜೋಡಿಸಿತ್ತು, ಮರುವರ್ಷವೇ ಕೈಬಿಟ್ಟಿತು. ಸಾಲವನ್ನು ರೆಪೊಗೆ ಕಟ್ಟುವ ನಿಯಮ ಮಾಡಿದವರು ಠೇವಣಿಗೂ ಮಾಡಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಲೆಕ್ಕಿಗ: ನಾನು ಒಪ್ಪಲ್ಲ. ಠೇವಣಿಯನ್ನೂ ರೆಪೊಗೆ ಕಟ್ಟಿದರೆ ದರ ಇಳಿದಾಗ ಮೇಷ್ಟ್ರಿಗೇ ಮೊದಲ ಪೆಟ್ಟು.

ನಿವೃತ್ತ ಮೇಷ್ಟ್ರು: ಇಳಿಯುವಾಗ ಈಗಲೂ ಪೆಟ್ಟು ನನಗೇ ಬೀಳುತ್ತಿದೆ. ಏರುವಾಗಿನ ಪಾಲು ಕೊಡಿ ಅಂತ ಕೇಳುತ್ತಿದ್ದೇನೆ.