ಹಾಸಿಗೆ ಹಾಸಿಟ್ಟರೂ ಜನ ಏಕೆ ಬರುವುದಿಲ್ಲ? ನೆರೆಹೊರೆಯವರೇ ನಡೆಸುವ ತಂಗುದಾಣದ ಬಗ್ಗೆ ಒಂದು ಪ್ರಶ್ನೆ

ಹೊಸಿಲು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾವು ಹದಿನಾಲ್ಕು ಮಂದಿ ನೆರೆಹೊರೆಯವರು ಸೇರಿ, ಬಳಕೆಯಿಲ್ಲದೆ ಬಿದ್ದಿದ್ದ ಒಂದು ಸಭಾಂಗಣವನ್ನು ಸೂರಿಲ್ಲದವರ ರಾತ್ರಿ ತಂಗುದಾಣವಾಗಿ ತೆರೆದು ಮೂರು ತಿಂಗಳಾಯಿತು. ಮೂವತ್ತು ಹಾಸಿಗೆಗಳಿವೆ, ಹೊದಿಕೆಗಳಿವೆ, ಶೌಚಾಲಯವಿದೆ, ಸರದಿಯ ಮೇಲೆ ರಾತ್ರಿ ಕಾಯುವ ಸ್ವಯಂಸೇವಕರಿದ್ದಾರೆ. ಇಷ್ಟಿದ್ದರೂ ಹತ್ತು ಹನ್ನೊಂದು ಮಂದಿಗಿಂತ ಹೆಚ್ಚು ಜನ ಬಂದ ರಾತ್ರಿಗಳು ಕಡಿಮೆ. ಅದೇ ಹೊತ್ತಿನಲ್ಲಿ ಇನ್ನೂರು ಹೆಜ್ಜೆ ದೂರದಲ್ಲಿ, ಮುಚ್ಚಿದ ಮಳಿಗೆಗಳ ಮುಂದಿನ ಜಗಲಿಗಳ ಮೇಲೆ, ಅದರ ಎರಡರಷ್ಟು ಜನ ಮಲಗಿರುವುದನ್ನು ನಾನೇ ಎಣಿಸಿ ಬಂದಿದ್ದೇನೆ.

ಕಳೆದ ವಾರ ಅಲ್ಲಿದ್ದ ಹಿರಿಯರೊಬ್ಬರನ್ನು ಕರೆಯಲು ಹೋಗಿದ್ದೆವು. ಅವರು ತಲೆಯಡಿಗಿದ್ದ ಗಂಟನ್ನು ಮುಟ್ಟಿ ತೋರಿಸಿ, 'ಇದನ್ನು ಎಲ್ಲಿಡಲಿ?' ಎಂದು ಕೇಳಿ, ಉತ್ತರಕ್ಕೂ ಕಾಯದೆ ಮಗ್ಗುಲು ಬದಲಿಸಿದರು. ನಮ್ಮಲ್ಲೊಬ್ಬರು ಅದನ್ನು ಉಡಾಫೆ ಎಂದುಕೊಂಡರು, ನನಗೆ ಹಾಗನ್ನಿಸಲಿಲ್ಲ. 'ಅವರಿಗೇ ಬೀದಿ ಬೇಕಾಗಿದೆ, ನಾವೇನು ಮಾಡಲಾದೀತು' ಎಂಬ ಮಾತು ಈಗ ನಮ್ಮ ಗುಂಪಿನಲ್ಲಿ ಪದೇಪದೇ ಕೇಳಿಬರುತ್ತಿದೆ. ಅವರು ಬಾರದಿರುವುದಕ್ಕೆ ನಿಜವಾದ ಕಾರಣವೇನು, ಮತ್ತು ಇಷ್ಟು ಸಣ್ಣ ಗುಂಪೊಂದು ತನ್ನ ಶಕ್ತಿಯನ್ನು ಹಾಸಿಗೆಗಳ ಮೇಲೆಯೇ ಸುರಿಯುವುದು ಸರಿಯೇ ಎಂಬುದನ್ನು ತಿಳಿದವರು ಬಿಡಿಸಿ ಹೇಳಬೇಕಾಗಿ ವಿನಂತಿ.

ರಾತ್ರಿಪಾಳಿ:

ನಾನು ಆರು ವರ್ಷ ಇಂಥ ತಂಗುದಾಣವೊಂದರಲ್ಲಿ ರಾತ್ರಿ ಮೇಲ್ವಿಚಾರಕನಾಗಿದ್ದವನು. ಆ ಹಿರಿಯರು ಉತ್ತರವನ್ನು ಆಗಲೇ ಕೊಟ್ಟಿದ್ದಾರೆ. ಬಾಗಿಲ ತನಕ ಬಂದು ಹಿಂದಿರುಗುವವರನ್ನು ತಡೆಯುವ ಸಂಗತಿಗಳನ್ನು ನಾವು ಕೆಲಸದವರು ಮೂರು 'ಸ'ಗಳೆಂದು ಕರೆಯುತ್ತಿದ್ದೆವು: ಸಂಗಾತಿ, ಸಾಕುಪ್ರಾಣಿ, ಸಾಮಾನು. ಗಂಡಸರಿಗೊಂದು ಕಡೆ ಹೆಂಗಸರಿಗೊಂದು ಕಡೆ ಎಂದಾಗ, ಬೀದಿಯಲ್ಲಿ ಒಬ್ಬರನ್ನೊಬ್ಬರು ಕಾಯ್ದುಕೊಂಡು ಬದುಕಿದ ದಂಪತಿ ಬೇರೆಯಾಗಲು ಒಪ್ಪುವುದಿಲ್ಲ. ನಾಯಿಯನ್ನು ಹೊರಗೆ ಕಟ್ಟಿ ಎಂದರೆ, ರಾತ್ರಿಯೆಲ್ಲ ತನಗೆ ಕಾವಲಿದ್ದ ಪ್ರಾಣಿಯನ್ನು ಬಿಟ್ಟು ಒಳಗೆ ಬರಲು ಮನಸ್ಸಾಗುವುದಿಲ್ಲ. ಸಾಮಾನಿನ ವಿಷಯವಂತೂ ಇವೆರಡಕ್ಕಿಂತ ಸೂಕ್ಷ್ಮವಾದದ್ದು.

ನಮ್ಮಲ್ಲೇ ನಡೆದ ಒಂದು ತಪ್ಪನ್ನು ಹೇಳುತ್ತೇನೆ. ಒಂದು ಬೆಳಿಗ್ಗೆ ನೆಲ ತೊಳೆಯುವಾಗ ಮೂಲೆಯಲ್ಲಿದ್ದ ಹರಕು ಪ್ಲಾಸ್ಟಿಕ್ ಚೀಲವನ್ನು ಕಸವೆಂದು ಎಸೆದುಬಿಟ್ಟೆವು. ಅದರಲ್ಲಿ ಒಬ್ಬ ವೃದ್ಧರ ಗುರುತಿನ ಚೀಟಿ, ಆಸ್ಪತ್ರೆಯ ಕಾಗದಗಳು ಮತ್ತು ಒಂದು ಫೋಟೊ ಇದ್ದವು. ಗುರುತಿನ ಚೀಟಿಯ ನಕಲನ್ನು ಎಂಟು ತಿಂಗಳು ಅಲೆದು ತಂದೆವು. ಫೋಟೊ ಎಲ್ಲಿಂದ ತರುವುದು? ಅವರು ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ, ಅವರ ಮಾತು ಕೇಳಿದ ಇನ್ನೂ ಏಳೆಂಟು ಮಂದಿ ತುಳಿಯಲಿಲ್ಲ. ಆಮೇಲೆ ಪ್ರತಿ ಹಾಸಿಗೆಯ ಕೆಳಗೂ ನೆಲಕ್ಕೆ ಬಿಗಿದ ಒಂದೊಂದು ತಗಡಿನ ಪೆಟ್ಟಿಗೆ ಇಟ್ಟು, ಬೀಗ ಹಾಕಿ, ಕೀಲಿಯನ್ನು ದಾರಕ್ಕೆ ಪೋಣಿಸಿ ಅವರವರ ಕೈಗೇ ಕೊಟ್ಟೆವು. ಚಪ್ಪಲಿಯನ್ನು ದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದವರು ಅದನ್ನು ಮಂಚದ ಪಕ್ಕ ಬಿಡತೊಡಗಲು ಸುಮಾರು ಎರಡು ವಾರ ಹಿಡಿಯಿತು.

ನಿಮ್ಮ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಒಂಬತ್ತಕ್ಕೆ ಮುಚ್ಚಿದರೆ, ರಾತ್ರಿ ಹನ್ನೊಂದರವರೆಗೆ ಲಾರಿಯಿಂದ ಸರಕು ಇಳಿಸುವವನು ಕೂಲಿ ಮತ್ತು ಹಾಸಿಗೆಗಳ ನಡುವೆ ಒಂದನ್ನು ಬಿಡಬೇಕಾಗುತ್ತದೆ, ಅವನು ಯಾವುದನ್ನು ಬಿಡುತ್ತಾನೆಂದು ಹೇಳಬೇಕಾಗಿಲ್ಲ. ಹೆಂಗಸರ ಶೌಚಾಲಯಕ್ಕೆ ಒಳಚಿಲಕ ಗಟ್ಟಿಯಾಗಿರಲಿ, ಅಲ್ಲಿಗೆ ಹೋಗುವ ದಾರಿ ಗಂಡಸರ ಹಾಸಿಗೆಗಳ ನಡುವೆ ಹಾದುಹೋಗದಿರಲಿ. ಇನ್ನೊಂದು ಸಣ್ಣ ಸಂಗತಿ: ನಾವು ಬಂದವರನ್ನು ನಿಲ್ಲಿಸಿ, ಮೊದಲು ಹೆಸರು, ಊರು, ತಂದೆಯ ಹೆಸರು ಬರೆಸಿಕೊಳ್ಳುತ್ತಿದ್ದೆವು. ಆ ಪುಸ್ತಕವನ್ನು ಮರುದಿನ ಬೆಳಗಿನ ಚಹಾದ ಹೊತ್ತಿಗೆ ಮುಂದೂಡಿದ ಮೇಲೆ ಬರುವವರ ಸಂಖ್ಯೆ ಹೆಚ್ಚಿತು.

ಎಣಿಕೆಗಾರ:

ರಾತ್ರಿಪಾಳಿಯವರ ಮಾತಿಗೆ ನನ್ನದೇನೂ ತಕರಾರಿಲ್ಲ. ಅದಕ್ಕೂ ಹಿಂದಿನ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. ನಮ್ಮ ಭಾಷೆಯಲ್ಲಿ 'ನಿರ್ಗತಿಕ', 'ನಿರಾಶ್ರಿತ', 'ವಸತಿರಹಿತ' ಎಂಬ ಮೂರು ಪದಗಳನ್ನು ಒಂದೇ ಅರ್ಥದಲ್ಲಿ ಬಳಸಿಬಿಡುತ್ತೇವೆ. ಮೊದಲನೆಯದು ಗತಿಯನ್ನೂ ಎರಡನೆಯದು ಆಶ್ರಯವನ್ನೂ ಕುರಿತದ್ದಾದರೆ, ಮೂರನೆಯದು ಮಾತ್ರ ನೇರವಾಗಿ ಇಲ್ಲದಿರುವ ವಸ್ತುವನ್ನು, ಅಂದರೆ ವಸತಿಯನ್ನು ಹೆಸರಿಸುತ್ತದೆ. ಇದು ಪದಗಳ ಜಗಳವಲ್ಲ, ಯಾರನ್ನು ಎಣಿಸುತ್ತೇವೆ ಎಂಬುದರ ಜಗಳ. ಭಾರತದ 2011ರ ಜನಗಣತಿಯು ಚಾವಣಿಯಿರುವ ಕಟ್ಟಡದಲ್ಲಿ ವಾಸಿಸದೆ ಬಯಲಲ್ಲಿ, ರಸ್ತೆಬದಿಯಲ್ಲಿ, ಸೇತುವೆಯಡಿಯಲ್ಲಿ ಇರುವವರನ್ನು ವಸತಿರಹಿತರೆಂದು ಗಣಿಸಿ, ಅಂಥವರು ಸುಮಾರು 17.7 ಲಕ್ಷ ಎಂದಿತು. ಫಿನ್‌ಲೆಂಡಿನ ಎಣಿಕೆಯಾದರೋ ಹೋಗಲು ಬೇರೆಲ್ಲೂ ಇಲ್ಲದೆ ನೆಂಟರ, ಗೆಳೆಯರ ಮನೆಯಲ್ಲಿ ತಾತ್ಕಾಲಿಕವಾಗಿ ಉಳಿದವರನ್ನೂ ಸೇರಿಸಿಕೊಳ್ಳುತ್ತದೆ. ಎರಡೂ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವವರು ಮೊದಲು ಈ ವ್ಯತ್ಯಾಸವನ್ನು ಗಮನಿಸಬೇಕು.

'ಅವರಿಗೇ ಬೀದಿ ಬೇಕಾಗಿದೆ' ಎಂಬ ಮಾತಿಗೆ ಬರೋಣ. ಕುಡಿತ, ಮನೋರೋಗ, ಮನೆಯೊಳಗಿನ ಹೊಡೆತ, ಕೆಲಸ ಕಳೆದುಕೊಳ್ಳುವುದು ಇವೆಲ್ಲ ಕಾರಣಗಳೇ ಹೌದು, ಆದರೆ ಇವು 'ಯಾರು' ಎಂಬುದನ್ನು ವಿವರಿಸುತ್ತವೆಯೇ ಹೊರತು 'ಎಷ್ಟು ಮಂದಿ' ಎಂಬುದನ್ನಲ್ಲ. ಬಸ್ಸಿನಲ್ಲಿ ಸೀಟುಗಳಿಗಿಂತ ಪ್ರಯಾಣಿಕರು ಹೆಚ್ಚಿದ್ದಾಗ ಕಾಲು ನೋವಿರುವವನು ಸೀಟಿನ ತನಕ ತಲುಪದೆ ನಿಂತೇ ಉಳಿಯಬಹುದು, ಆದರೆ ನಿಂತವರು ಒಟ್ಟು ಎಷ್ಟು ಎಂಬುದನ್ನು ತೀರ್ಮಾನಿಸುವುದು ಸೀಟುಗಳ ಲೆಕ್ಕ. ಅಮೆರಿಕದಲ್ಲಿ ಮಾದಕವಸ್ತುವಿನ ಅತಿಸೇವನೆಯಿಂದಾಗುವ ಸಾವಿನ ಪ್ರಮಾಣದಲ್ಲಿ ಮುಂಚೂಣಿಯಲ್ಲಿರುವ ವೆಸ್ಟ್ ವರ್ಜೀನಿಯಾ ಬಡ ರಾಜ್ಯವೂ ಹೌದು, ಆದರೂ ಅಲ್ಲಿ ವಸತಿರಹಿತರ ಪ್ರಮಾಣವು ಬಾಡಿಗೆ ಗಗನಕ್ಕೇರಿರುವ ಕ್ಯಾಲಿಫೋರ್ನಿಯಾಕ್ಕಿಂತ ಬಹಳ ಕಡಿಮೆ.

ತಂಗುದಾಣಕ್ಕೆ ಬರುವವರೆಲ್ಲರೂ ಒಂದೇ ತೆರನಾದವರಲ್ಲ ಎಂಬುದೂ ನಿಮ್ಮ ಗುಂಪಿಗೆ ಉಪಯೋಗಕ್ಕೆ ಬಂದೀತು. ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ನಗರಗಳ ತಂಗುದಾಣಗಳ ದಾಖಲೆಗಳನ್ನು ಪರಿಶೀಲಿಸಿ ಡೆನಿಸ್ ಕಲ್ಹೇನ್ ಮತ್ತು ರ‍್ಯಾಂಡಲ್ ಕೂನ್ 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶೇಕಡ 80ರಷ್ಟು ಮಂದಿ ಸ್ವಲ್ಪ ಕಾಲ ಉಳಿದು ಹೊರಟುಹೋಗುವವರು, ಶೇಕಡ 10ರಷ್ಟು ಮಂದಿ ಬಂದು ಹೋಗಿ ಮಾಡುತ್ತಿರುವವರು, ಉಳಿದ ಶೇಕಡ 10ರಷ್ಟು ಮಂದಿ ವರ್ಷಗಟ್ಟಲೆ ಅಲ್ಲೇ ನೆಲೆನಿಂತವರು. ಹಾಸಿಗೆಗಳ ಒಟ್ಟು ದಿನಗಳಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಬಳಸುತ್ತಿದ್ದವರು ಈ ಕೊನೆಯ ಸಣ್ಣ ಗುಂಪಿನವರೇ. ಅವರಿಗೆ ಬೇಕಾದದ್ದು ಮತ್ತೊಂದು ಹಾಸಿಗೆಯಲ್ಲ, ಬೀಗ ಹಾಕಿಕೊಳ್ಳಬಹುದಾದ ಸ್ವಂತ ಬಾಗಿಲು. ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು 1992ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ, 'ಮೊದಲು ಮನೆ' ಎಂದು ಹೇಳಬಹುದಾದ ಕ್ರಮವು ಇದನ್ನೇ ಮಾಡಿತು: ಕುಡಿತ ಬಿಟ್ಟರೆ, ಚಿಕಿತ್ಸೆಗೆ ಒಪ್ಪಿದರೆ ಮಾತ್ರ ಮನೆ ಎಂಬ ಷರತ್ತನ್ನು ತೆಗೆದುಹಾಕಿ, ಮನೆಯನ್ನು ಮೊದಲು ಕೊಟ್ಟು ನೆರವನ್ನು ಅದರ ಹಿಂದೆ ಕಳುಹಿಸಿತು. ಕೆನಡಾದ ಐದು ನಗರಗಳಲ್ಲಿ 2009ರಿಂದ 2013ರವರೆಗೆ, ಎರಡು ಸಾವಿರಕ್ಕೂ ಹೆಚ್ಚು ಜನರೊಂದಿಗೆ ಇದನ್ನು ಪರೀಕ್ಷಿಸಿದಾಗ, ಮನೆಯಲ್ಲಿ ನೆಲೆನಿಲ್ಲುವ ವಿಷಯದಲ್ಲಿ ಈ ಕ್ರಮವು ಸ್ಪಷ್ಟವಾಗಿ ಮುಂದಿತ್ತು. ಚಟ ಮತ್ತು ಮಾನಸಿಕ ಆರೋಗ್ಯದ ವಿಷಯದಲ್ಲಿ ಅಂಥ ದೊಡ್ಡ ಅಂತರ ಕಾಣಲಿಲ್ಲ ಎಂಬುದನ್ನೂ ಮುಚ್ಚಿಡಬಾರದು.

ಅನುಮಾನಿ:

'ಮೊದಲು ಮನೆ' ಎಂಬುದು ಕೇಳಲು ಚೆನ್ನಾಗಿದೆ, ಆದರೆ ಕೊಡಲು ಮನೆ ಇರಬೇಕಲ್ಲ? ಫಿನ್‌ಲೆಂಡ್ 2008ರಿಂದ ಇದನ್ನು ರಾಷ್ಟ್ರೀಯ ಕಾರ್ಯಕ್ರಮವನ್ನಾಗಿ ಮಾಡಿತು, ಹೆಲ್ಸಿಂಕಿಯಲ್ಲಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾಸಂಸ್ಥೆ ನಡೆಸುತ್ತಿದ್ದ 250 ಹಾಸಿಗೆಗಳ ಹಳೆಯ ತಂಗುದಾಣವನ್ನು 80ರಷ್ಟು ಸ್ವತಂತ್ರ ಮನೆಗಳಾಗಿ ಮಾರ್ಪಡಿಸಲಾಯಿತು, ಎಲ್ಲ ನಿಜ. 1980ರ ದಶಕದ ಕೊನೆಗೆ 15 ಸಾವಿರಕ್ಕೂ ಹೆಚ್ಚಿದ್ದ ಅಲ್ಲಿನ ವಸತಿರಹಿತರ ಸಂಖ್ಯೆ 2023ರ ವೇಳೆಗೆ ಸುಮಾರು 3,400ಕ್ಕೆ ಇಳಿಯಿತು. ಆದರೆ ಅದರ ಬೆನ್ನಿಗೆ ಸರ್ಕಾರದ ಹಣ, ಜಮೀನು ಮತ್ತು 1985ರಿಂದಲೂ ಮನೆಗಳನ್ನು ಕೊಂಡು ಕಟ್ಟಿ ಬಾಡಿಗೆಗೆ ಕೊಡುತ್ತ ಬಂದ ವೈ-ಫೌಂಡೇಶನ್ ಇತ್ತು. ಅಷ್ಟಿದ್ದೂ 2024ರ ಎಣಿಕೆಯಲ್ಲಿ ಸಂಖ್ಯೆ ಮತ್ತೆ ಏರಿತು. ಹದಿನಾಲ್ಕು ಮಂದಿ ನೆರೆಹೊರೆಯವರಿಗೆ ಇದನ್ನು ಮಾದರಿಯಾಗಿ ತೋರಿಸುವುದು ನನಗೆ ಸರಿಯೆನಿಸುವುದಿಲ್ಲ.

ತಂಗುದಾಣವನ್ನು ಹಗುರವಾಗಿ ಕಾಣಬೇಡಿ ಎಂದು ನಾನು ಹೇಳುವುದಕ್ಕೆ ಇನ್ನೊಂದು ಕಾರಣವಿದೆ. 1954ರ ಚಳಿಗಾಲದಲ್ಲಿ ಪ್ಯಾರಿಸ್ಸಿನ ಕಾಲುದಾರಿಯೊಂದರಲ್ಲಿ ಒಬ್ಬ ಹೆಂಗಸು ಚಳಿಗೆ ಸೆಡೆತು ಸತ್ತಳು. ಎರಡು ದಿನದ ಹಿಂದೆ ಅವಳನ್ನು ಮನೆಯಿಂದ ಹೊರಹಾಕಿದ ಆದೇಶದ ಕಾಗದ ಅವಳ ಕೈಯಲ್ಲೇ ಇತ್ತು ಎಂದು ಫೆಬ್ರುವರಿ 1ರಂದು ರೇಡಿಯೊದಲ್ಲಿ ನಾಡಿಗೆಲ್ಲ ತಿಳಿಸಿ ನೆರವು ಕೋರಿದವರು ಪಾದ್ರಿ ಆಬೆ ಪಿಯೆರ್. ಮನೆ ಕಟ್ಟುವವರೆಗೆ ಕಾಯಿರಿ ಎಂದು ಆ ರಾತ್ರಿಗೆ ಯಾರು ಹೇಳಬಲ್ಲರು? ಅವರೇ 1949ರಲ್ಲಿ ಆರಂಭಿಸಿದ್ದ ಎಮ್ಮಾಯುಸ್ ಸಮುದಾಯಗಳಲ್ಲಿ, ಸೂರಿಲ್ಲದೆ ಬಂದವರು ಒಟ್ಟಿಗೆ ವಾಸಿಸುತ್ತ, ಜನ ಬಿಸಾಡಿದ ಸಾಮಾನುಗಳನ್ನು ಸಂಗ್ರಹಿಸಿ, ದುರಸ್ತಿ ಮಾಡಿ ಮಾರಿ ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳುತ್ತಾರೆ.

ಸಣ್ಣ ಗುಂಪುಗಳು ನಿಜವಾಗಿ ಸೋಲುವುದು ದಣಿವಿನಿಂದ. ಆ ದೃಷ್ಟಿಯಿಂದ ನನಗೆ ಹಿಡಿಸಿದ್ದು 1980ರ ದಶಕದ ಮಧ್ಯದಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಶುರುವಾದ ಏರ್ಪಾಡು: ಅಲ್ಲಿನ ಹಲವಾರು ಚರ್ಚುಗಳು ಚಳಿಗಾಲದ ರಾತ್ರಿಗಳನ್ನು ಹಂಚಿಕೊಂಡು, ಪಾಳಿಯ ಮೇಲೆ ಕೆಲವೇ ಅತಿಥಿಗಳನ್ನು ತಮ್ಮಲ್ಲಿಗೆ ಕರೆದೊಯ್ಯುತ್ತವೆ. ಯಾವ ಗುಂಪಿನ ಮೇಲೂ ಇಡೀ ವರ್ಷದ ಹೊರೆ ಬೀಳುವುದಿಲ್ಲ. 1987ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಶುರುವಾದ ನೈಟ್‌ಸ್ಟಾಪ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನೆ ಬಿಟ್ಟು ಬಂದ ಹರೆಯದವರನ್ನು ತರಬೇತಿ ಪಡೆದ ಸ್ವಯಂಸೇವಕರ ಮನೆಯ ಖಾಲಿ ಕೋಣೆಯಲ್ಲೇ ಇರಿಸುತ್ತದೆ. ಇದಕ್ಕೆಲ್ಲರ ಎದೆಯೂ ಒಪ್ಪಲಾರದು, ನನ್ನದೂ ಒಪ್ಪಲಾರದೇನೋ.

ಹಿಂದೊಮ್ಮೆ ಹೊರಗಿದ್ದವಳು:

ನಾನು ಹದಿನಾಲ್ಕು ತಿಂಗಳು ಮನೆಯಿಲ್ಲದೆ ಇದ್ದವಳು. ಅದರಲ್ಲಿ ಮೊದಲ ಒಂಬತ್ತು ತಿಂಗಳು ಚಾವಣಿಯಡಿಯೇ ಇದ್ದೆ: ಚಿಕ್ಕಮ್ಮನ ಮನೆಯ ನಡುಮನೆ, ಆಮೇಲೆ ಜೊತೆಗೆ ದುಡಿಯುತ್ತಿದ್ದವಳ ಅಡುಗೆಮನೆ, ಆಮೇಲೆ ಅವಳ ಅಕ್ಕನ ಮನೆ. ಹಂಗಿನ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಎಲ್ಲರೂ ಮಲಗಿದ ಮೇಲೆ ಮಲಗಿ, ಹಾಸಿಗೆ ಸುತ್ತಿದ ಗುರುತೂ ಉಳಿಯದಂತೆ ಬದುಕಬೇಕಾಗುತ್ತದೆ. ಕೊನೆಗೆ ಆಸ್ಪತ್ರೆಯೊಂದರ ಪಡಸಾಲೆಯಲ್ಲಿ, ಯಾರದೋ ರೋಗಿಯ ಕಡೆಯವಳಂತೆ ಕೈಯಲ್ಲೊಂದು ಫ್ಲಾಸ್ಕ್ ಹಿಡಿದುಕೊಂಡು ರಾತ್ರಿಗಳನ್ನು ಕಳೆದೆ. ಎಣಿಕೆಗಾರರು ಹೇಳಿದ ಗಣತಿಗಳ ಪೈಕಿ ಜಗಲಿಯವರನ್ನಷ್ಟೇ ಎಣಿಸುವವಕ್ಕೆ ನಾನು ಒಂದು ದಿನವೂ ಸಿಕ್ಕುತ್ತಿರಲಿಲ್ಲ. ಆರಂಭದಲ್ಲೇ ಎರಡು ತಿಂಗಳ ಬಾಕಿ ಬಾಡಿಗೆಗೆ ಯಾರಾದರೂ ಜಾಮೀನು ನಿಂತಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ನಿಮ್ಮ ಗುಂಪಿಗೆ ಹಣ ಕೂಡಿಸುವ ಶಕ್ತಿಯಿದ್ದರೆ ಅದರ ಒಂದು ಪಾಲನ್ನು ಮನೆ ಕಳೆದುಕೊಳ್ಳುವ ಅಂಚಿನಲ್ಲಿರುವವರಿಗೆ ಮೀಸಲಿಡಿ.

ಇನ್ನೊಂದು ಮಾತು. ಕೋಣೆ ಸಿಕ್ಕ ಮೊದಲ ರಾತ್ರಿ ನಾನು ಮಂಚದ ಮೇಲೆ ಮಲಗಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು, ಚೀಲವನ್ನು ತಲೆಯಡಿಗಿಟ್ಟು ನೆಲದ ಮೇಲೆ ಮಲಗಿದೆ, ಮೂರನೆಯ ವಾರ ಮತ್ತೆ ಆಸ್ಪತ್ರೆಯ ಪಡಸಾಲೆಗೆ ಹೋಗಿಬಿಡೋಣವೆನ್ನಿಸಿತ್ತು, ಅಲ್ಲಿ ಕನಿಷ್ಠ ಮನುಷ್ಯರ ಸದ್ದಾದರೂ ಇತ್ತು. ನನ್ನನ್ನು ಉಳಿಸಿದ್ದು ಪ್ರತಿ ಗುರುವಾರ ಬರುತ್ತಿದ್ದ ಒಬ್ಬ ಸ್ವಯಂಸೇವಕಿ. ಅವರು ಉಪದೇಶ ಮಾಡಿದವರಲ್ಲ, ಬ್ಯಾಂಕಿಗೆ ಜೊತೆಗೆ ಬಂದು ಸಾಲಿನಲ್ಲಿ ನಿಂತವರು, ಮನೆಯ ಮಾಲೀಕರು ಗದರಿದಾಗ ನನ್ನ ಪಕ್ಕದಲ್ಲಿ ಸುಮ್ಮನೆ ಕೂತವರು.

ಎಣಿಕೆಗಾರ:

ಆ ಗುರುವಾರಗಳಿಗೆ ಅಂಕಿಗಳ ಆಧಾರವೂ ಇದೆ. ನ್ಯೂಯಾರ್ಕಿನ ಒಂದು ತಂಗುದಾಣದಿಂದ ಮನೆಗಳಿಗೆ ಹೋದ, ತೀವ್ರ ಮಾನಸಿಕ ಕಾಯಿಲೆಯಿದ್ದ ಗಂಡಸರಲ್ಲಿ ಒಂದು ಗುಂಪಿಗೆ ಮೊದಲ ಒಂಬತ್ತು ತಿಂಗಳು ಪರಿಚಿತರೊಬ್ಬರ ಒತ್ತಾಸೆಯನ್ನು, ಕ್ರಮೇಣ ಕಡಿಮೆ ಮಾಡುತ್ತ, ಒದಗಿಸಲಾಯಿತು. 1997ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹದಿನೆಂಟು ತಿಂಗಳಲ್ಲಿ ಅವರು ಸರಾಸರಿ 30 ರಾತ್ರಿಗಳನ್ನು ಸೂರಿಲ್ಲದೆ ಕಳೆದರೆ, ಎಂದಿನ ಸೇವೆಯನ್ನಷ್ಟೇ ಪಡೆದವರು 91 ರಾತ್ರಿಗಳನ್ನು ಕಳೆದರು. ಅನುಮಾನಿಯವರೇ, ಮನೆ ಕಟ್ಟುವುದು ಸರ್ಕಾರದ ಕೆಲಸವೆಂಬ ನಿಮ್ಮ ಮಾತನ್ನು ಒಪ್ಪುತ್ತೇನೆ, ಆದರೆ ಜೊತೆಗೆ ಹೋಗಿ ಸಾಲಿನಲ್ಲಿ ನಿಲ್ಲುವುದಕ್ಕೆ ಹದಿನಾಲ್ಕು ಮಂದಿ ಕಡಿಮೆಯೇನಲ್ಲ.

ಹೊಸಿಲು:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಗುಂಪಿನ ಮುಂದೆ ಇಷ್ಟನ್ನೂ ಓದಿ ಹೇಳಿದೆ. ಮೂವತ್ತು ಹಾಸಿಗೆಗಳನ್ನು ಹದಿನಾರಕ್ಕೆ ಇಳಿಸಿ, ಮಧ್ಯೆ ಅಡ್ಡತಡಿಕೆ ಕಟ್ಟಿ, ಎರಡು ಜಾಗಗಳನ್ನು ದಂಪತಿಗಳಿಗೆಂದು ಮೀಸಲಿಡಲು, ಬಾಗಿಲನ್ನು ಮಧ್ಯರಾತ್ರಿಯವರೆಗೆ ತೆರೆದಿಡಲು ಒಪ್ಪಿಗೆಯಾಯಿತು. ರಾತ್ರಿ ಕಾಯುವ ಪಾಳಿಯಿಂದ ಬಿಡುವಾಗುವ ನಾಲ್ವರು ತಲಾ ಒಬ್ಬೊಬ್ಬರ ಜೊತೆ ಕಾಗದಪತ್ರ ಮತ್ತು ಬಾಡಿಗೆ ಕೋಣೆಯ ಹುಡುಕಾಟಕ್ಕೆ ಓಡಾಡಲಿದ್ದಾರೆ. ನಾಯಿಯ ವಿಷಯದಲ್ಲಿ ಮಾತು ಜಗಳಕ್ಕೆ ತಿರುಗಿದ್ದರಿಂದ ಮುಂದಕ್ಕೆ ಹಾಕಿದ್ದೇವೆ.

ಪೆಟ್ಟಿಗೆ ಮಾಡಿಸುತ್ತಿದ್ದೇವೆಂದು ತಿಳಿಸಲು ಆ ಹಿರಿಯರ ಬಳಿ ಮತ್ತೆ ಹೋಗಿದ್ದೆ. ಈ ಸಲ ಎದ್ದು ಕುಳಿತು, 'ಕೆಲಸದ ಮೇಲೆ ಎರಡು ದಿನ ಬಾರದೇ ಹೋದರೆ ಪೆಟ್ಟಿಗೆ ಒಡೆಯುತ್ತೀರೋ?' ಎಂದು ಕೇಳಿದರು. ರಾತ್ರಿಪಾಳಿಯವರೇ, ಇದಕ್ಕೆ ನೀವು ಏನು ಮಾಡುತ್ತಿದ್ದಿರಿ? ಎರಡನೆಯ ಕೀಲಿ ನಮ್ಮ ಬಳಿ ಇರಬೇಕೇ, ಬೇಡವೇ?

ರಾತ್ರಿಪಾಳಿ:

ಇರಲೇಬೇಕು, ಬೆಂಕಿ ನೀರಿನ ಭಯವಿರುತ್ತದೆ. ಆದರೆ ಅದನ್ನು ಅವರೆದುರಿಗೇ ಲಕೋಟೆಗೆ ಹಾಕಿ, ಅಂಟಿಸಿದ ಜಾಗದ ಮೇಲೆ ಅವರ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿ, ಎಲ್ಲರಿಗೂ ಕಾಣುವ ಗಾಜಿನ ಬೀರುವಿನಲ್ಲಿ ಇಡಿ. ಹದಿನೈದು ದಿನಗಳವರೆಗೆ ಮುಟ್ಟುವುದಿಲ್ಲ ಎಂದು ಬರೆದು ಒಂದು ಪ್ರತಿಯನ್ನು ಅವರಿಗೂ ಕೊಡಿ. ಬಂದ ದಿನ ಅವರು ಮೊದಲು ಹೋಗಿ ನೋಡುವುದು ಹಾಸಿಗೆಯನ್ನಲ್ಲ, ಆ ಲಕೋಟೆ ಒಡೆದಿದೆಯೋ ಇಲ್ಲವೋ ಎಂಬುದನ್ನು.