ಸಹಾಯ ಬೇಕು: ಸಂಡೇ ಸ್ಕೂಲಿನ ದೊಡ್ಡ ಮಕ್ಕಳಿಗೆ ತರ್ಕ ಕಲಿಸಲು ಕನ್ನಡ ಪಠ್ಯ

ಗುಂಪಿನ ಹಿರಿಯರಿಗೂ ಶಿಕ್ಷಕ ಮಿತ್ರರಿಗೂ ಕರ್ತನ ನಾಮದಲ್ಲಿ ವಂದನೆಗಳು. ಹಾಸನದ ನಮ್ಮ ಕ್ರೈಸ್ತ ಸಭೆಯಲ್ಲಿ ಹೈಸ್ಕೂಲು ಮತ್ತು ಪಿಯುಸಿ ಓದುತ್ತಿರುವ ಮಕ್ಕಳಿಗೆ ನಾನು ಪಾಠ ಮಾಡುತ್ತೇನೆ. ಬೈಬಲಿನ ವಾಕ್ಯಗಳನ್ನು ತಪ್ಪಿಲ್ಲದೆ ಕಂಠಪಾಠ ಒಪ್ಪಿಸುವ ಇವರು, ಮೊಬೈಲಿನಲ್ಲಿ ಕಂಡ ಯಾವುದಾದರೂ ವಾದಕ್ಕೆ ಉತ್ತರಿಸಬೇಕಾದಾಗ ಒಂದೋ ಸುಮ್ಮನಾಗುತ್ತಾರೆ, ಇಲ್ಲವೇ ಸಿಟ್ಟಾಗುತ್ತಾರೆ. ನಾಳೆ ಬೆಂಗಳೂರಿನ ಹಾಸ್ಟೆಲುಗಳಿಗೆ ಹೋಗುವವರಿಗೆ ಇಷ್ಟು ಸಾಲದು.

ವ್ಯಾಕರಣ, ತರ್ಕ, ವಾಗ್ಮಿತೆ ಎಂಬ ಮಧ್ಯಯುಗದ ಯುರೋಪಿನ ಮೂರು ವಿದ್ಯೆಗಳನ್ನು ಮಕ್ಕಳ ಬೆಳವಣಿಗೆಯ ಹಂತಗಳಿಗೆ ಹೊಂದಿಸಬಹುದೆಂದು ಇಂಗ್ಲಿಷ್ ಲೇಖಕಿ ಡೊರೊಥಿ ಸೇಯರ್ಸ್ 1947ರಲ್ಲಿ ಆಕ್ಸ್‌ಫರ್ಡಿನಲ್ಲಿ ವಾದಿಸಿದರು. ಅಮೆರಿಕದ ಅನೇಕ ಕ್ರೈಸ್ತ ಶಾಲೆಗಳು ಇಂದು ಅದೇ ಕ್ರಮವನ್ನು ಅನುಸರಿಸುತ್ತಿವೆ. ಅವರ ಪಠ್ಯಗಳನ್ನು ಹಾಗೆಯೇ ಇಲ್ಲಿಗೆ ತರುವುದು ನನಗೆ ಸರಿಕಾಣದು. ನಮ್ಮ ಮಕ್ಕಳಿಗೆ ಅಲ್ಲಿ ಕಲಿಸುವ ಲ್ಯಾಟಿನ್‌ಗಿಂತ ಹಳಗನ್ನಡದ ಓದು, 1894ರ ಕಿಟ್ಟೆಲ್ ನಿಘಂಟಿನ ಬಳಕೆ, ಸಾಧ್ಯವಾದರೆ ಗಮಕವೂ (ಕೆಲವು ಹಿರಿಯರು ಹುಬ್ಬೇರಿಸಬಹುದು) ಹೆಚ್ಚು ಉಪಯುಕ್ತ. ವ್ಯಾಕರಣದ ಮೊದಲ ಹಂತಕ್ಕೆ ಸಾಮಗ್ರಿ ಸಾಕಷ್ಟಿದೆ, ತೊಡಕಿರುವುದು ತರ್ಕದಲ್ಲಿ.

ಒಂದು ವಾದದ ಆಧಾರ ಯಾವುದು, ತೀರ್ಮಾನ ಯಾವುದು, ನಡುವೆ ಹೇತ್ವಾಭಾಸ (ಸರಿಯೆಂದು ತೋರುವ ತಪ್ಪು ತರ್ಕ) ಎಲ್ಲಿ ನುಸುಳಿದೆ ಎಂಬುದನ್ನು ಹದಿನಾಲ್ಕು ಹದಿನೈದರ ಮಕ್ಕಳಿಗೆ ಉದಾಹರಣೆ ಸಹಿತ ತಿಳಿಸುವ ಸರಳ ಕನ್ನಡ ಪುಸ್ತಕ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಪ್ರಾಚೀನ ಕ್ರೈಸ್ತ ಚಿಂತಕ ಸಂತ ಅಗಸ್ಟೀನರ ಬರಹಗಳ ಕನ್ನಡ ಅನುವಾದ ಯಾರಲ್ಲಾದರೂ ಇದ್ದರೆ ಜೆರಾಕ್ಸ್ ಮಾಡಿಸಿಕೊಂಡು ಹಿಂದಿರುಗಿಸುತ್ತೇವೆ. ತಿಂಗಳಿಗೊಮ್ಮೆ ಬಂದು ಚರ್ಚಾಕೂಟ ನಡೆಸಿಕೊಡಬಲ್ಲ ಅಧ್ಯಾಪಕರು ಹಾಸನ, ಬೇಲೂರು, ಸಕಲೇಶಪುರದ ಕಡೆ ಇದ್ದರೆ ಅವರನ್ನೂ ಸೂಚಿಸಿ. ಅವರು ಕ್ರೈಸ್ತರೇ ಆಗಿರಬೇಕೆಂದಿಲ್ಲ, ಎದುರುವಾದವನ್ನು ನಿಷ್ಠುರವಾಗಿ ಮಂಡಿಸಬಲ್ಲವರಾದರೆ ಇನ್ನೂ ಒಳ್ಳೆಯದು. ಪ್ರಯಾಣದ ಖರ್ಚನ್ನು ಸಭೆಯೇ ಭರಿಸುತ್ತದೆ.